ರಕ್ತದ ನೆನಪೋ, ಕೈಯ ನೆನಪೋ: ‘ಅಸ್ಯಾಸಿನ್ಸ್ ಕ್ರೀಡ್’ ಆಟ ಮತ್ತು ಸಿನಿಮಾ

ಗಡಿಕನ್ನಡದ ಗೋಷ್ಠಿಯಲ್ಲಿ ವಿಡಿಯೋ ಗೇಮಿನ ಸಿನಿಮಾ ಯಾಕ್ರೀ ಅಂತ ನೀವು ಕೇಳಬಹುದು. ಭಾಷೆ, ವಂಶ, ನೆನಪು ಇವುಗಳ ಸಂಬಂಧ ಏನು ಅನ್ನೋದು ನಮ್ಮ ಪ್ರಶ್ನೆಯೂ ಹೌದು. ಅದಕ್ಕೇ ಇದನ್ನ ಆರಿಸಿಕೊಂಡೆ.

ಜಸ್ಟಿನ್ ಕರ್ಜೆಲ್ ನಿರ್ದೇಶನದ ಈ ಸಿನಿಮಾ ಬಂದದ್ದು 2016ರಲ್ಲಿ. ಮೂಲ, 2007ರಲ್ಲಿ ಶುರುವಾದ ಯೂಬಿಸಾಫ್ಟ್‌ನ ಆಟಗಳ ಮಾಲೆ. ಕಥೆ ಮಾತ್ರ ಹೊಸದು. ಮರಣದಂಡನೆಗೆ ಗುರಿಯಾದ ಕ್ಯಾಲಮ್ ಲಿಂಚ್‌ನನ್ನು (ಮೈಕೆಲ್ ಫಾಸ್‌ಬೆಂಡರ್) ಒಂದು ಕಂಪನಿ ಮ್ಯಾಡ್ರಿಡ್‌ಗೆ ತಂದು, ಅನಿಮಸ್ ಎಂಬ ಯಂತ್ರಕ್ಕೆ ಜೋಡಿಸಿ, 1492ರ ಸ್ಪೇನಿನಲ್ಲಿದ್ದ ಅವನ ಪೂರ್ವಜ ಅಗಿಲಾರ್‌ನ ನೆನಪನ್ನು ಹೊರತೆಗೆಯುತ್ತದೆ.

ಆಟದಾಗ ಇದ್ದದ್ದೆಲ್ಲ ಸಿನಿಮಾದಾಗ ಅದನೋ ಇಲ್ಲೋ ಅಂತ ಲೆಕ್ಕ ಹಾಕೋದು ವಿಮರ್ಶೆ ಅಲ್ರಿ. ಆಟ ಕೊಡುತ್ತಿದ್ದ ಅನುಭವಕ್ಕೆ ಸಿನಿಮಾ ಯಾವ ಬದಲಿ ಹುಡುಕಿದೆ ಎನ್ನುವುದು ಮುಖ್ಯ. ಮೊದಲ ಆಟದಲ್ಲಿ 1191ರ ಜೆರುಸಲೇಮ್, ಡಮಾಸ್ಕಸ್ ಇವೆ. ಗೋಪುರ ಹತ್ತಿ ಊರು ನೋಡಬೇಕು, ಯಾವ ಸಂದಿ ಎಲ್ಲಿಗೆ ಹೋಗ್ತದ ಅಂತ ಕಲೀಬೇಕು. ಕಲಿಯುವುದಕ್ಕೆ ಪುರುಸೊತ್ತು ಇದೆ. ಸಿನಿಮಾ ಅದನ್ನೇ ಕಸಿದುಕೊಂಡಿದೆ. ಹೆಚ್ಚಿನ ಕಥೆ ಪ್ರಯೋಗಾಲಯದಲ್ಲೇ ನಡೆಯುತ್ತದೆ. ಅಗಿಲಾರ್ ಒಂದು ಮಾಳಿಗೆ ಜಿಗಿದರೆ ಸಾಕು, ಯಂತ್ರದ ದೊಡ್ಡ ತೋಳಿಗೆ ಜೋತುಬಿದ್ದ ಕ್ಯಾಲಮ್ ಅಡ್ಡ ಬರುತ್ತಾನೆ. ಧೂಳು, ಹೊಗೆ, ಮಾಳಿಗೆ ಕಾಣಿಸುತ್ತವೆ. ಆ ಮಾಳಿಗೆಯ ಕೆಳಗೆ ಬದುಕುವವರು ಯಾರು ಅನ್ನೋದು ಮಾತ್ರ ಗೊತ್ತಾಗೂದಿಲ್ಲ.

ಮೆಚ್ಚಬೇಕಾದದ್ದೂ ಇದೆ. ಹಳೆಯ ಕಾಲದ ಮಾತೆಲ್ಲ ಸ್ಪ್ಯಾನಿಷ್‌ನಲ್ಲಿದೆ, ಕೆಳಗೆ ಉಪಶೀರ್ಷಿಕೆ. ಎಲ್ಲ ಕಾಲದವರೂ ಇಂಗ್ಲಿಷ್ ಆಡುವ ಹಾಲಿವುಡ್‌ನಲ್ಲಿ ಇದು ಧೈರ್ಯದ ತೀರ್ಮಾನ.

ನನ್ನ ಮುಖ್ಯ ತಕರಾರು ಬೇರೆ. 1492ರ ಜನವರಿ 2ರಂದು ಗ್ರಾನಡಾ ಶರಣಾಯಿತು. ಮಾರ್ಚ್ 31ಕ್ಕೆ ಯಹೂದಿಗಳನ್ನು ಹೊರಹಾಕುವ ರಾಜಾಜ್ಞೆ ಬಂತು. ಅದಕ್ಕೂ ಮೊದಲೇ, 1449ರಲ್ಲಿ, ಟೊಲೆಡೊ ನಗರ ‘ರಕ್ತಶುದ್ಧಿ’ಯ ಕಟ್ಟಳೆ ಮಾಡಿ, ಮತಾಂತರಗೊಂಡ ಯಹೂದಿ ಮೂಲದವರಿಗೆ ಅಧಿಕಾರದ ಬಾಗಿಲು ಮುಚ್ಚಿತ್ತು. ಅಂಥ ನೆಲದಲ್ಲಿ ನಿಂತು ಈ ಸಿನಿಮಾ, ನೆನಪು ರಕ್ತದಲ್ಲೇ ಇರ್ತದ ಅಂತ ಹೇಳುತ್ತದೆ. ಆ ವಿಪರ್ಯಾಸ ಅದರ ಗಮನಕ್ಕೇ ಬಂದಿಲ್ಲ.

ಆಟದ ಕಥೆಯೂ ಅದನ್ನೇ ಹೇಳ್ತದಲ್ಲ ಅಂತೀರಿ. ಹೌದು. ಆದರೆ ಆಡುವವನಿಗೆ ಆ ವಂಶ ಬೇಕಿಲ್ಲ. ಯಾವ ಊರಿನ ಹುಡುಗಿಯಾದರೂ ಕೈ ಪಳಗಿಸಿಕೊಂಡು ಆ ಊರಿನ ದಾರಿ ಕಲಿಯುತ್ತಾಳೆ. ಕಥೆ ರಕ್ತ ಎಂದರೂ ಆಟ ರೂಢಿ ಎನ್ನುತ್ತದೆ. ಸಿನಿಮಾದಲ್ಲಿ ಕೈಗೆ ಕೆಲಸವಿಲ್ಲ, ಉಳಿದದ್ದು ರಕ್ತವೊಂದೇ.

ಸೊಲ್ಲಾಪುರ, ಅಕ್ಕಲಕೋಟದ ನಮಗೆ ಇದು ದೂರದ ಮಾತಲ್ಲ. ಮರಾಠಿ ಮನೆಯಿಂದ ಬಂದ ಸೊಸೆ ಅತ್ತೆಯ ಜೋಡಿ ಮಾತಾಡತಾ ಮಾತಾಡತಾ ಕನ್ನಡದಾಕಿ ಆಗ್ತಾಳ. ಕನ್ನಡ ವಂಶದ ಹುಡುಗ, ಆಡದೆ ಬಿಟ್ಟರೆ, ಅದನ್ನು ಕಳಕೊಳ್ತಾನ. ರಕ್ತ ತಾನಾಗಿ ಏನನ್ನೂ ನೆನಪಿಡುವುದಿಲ್ಲ. ಸಿನಿಮಾ ಸೋತದ್ದು ಈ ಸತ್ಯದ ಎದುರು.