ಮರದಚ್ಚು ಮತ್ತು ತೊಗಲುಗೊಂಬೆ: ಪರಂಪರೆ–ಆಧುನಿಕತೆಯ ಪ್ರಶ್ನೆ

ಜನಪದ ಕಲೆಯೊಂದು ಹೊಸ ವಸ್ತುವನ್ನು ಒಳಗೊಂಡ ಕೂಡಲೇ ಅದನ್ನು ‘ಪರಂಪರೆ ಮತ್ತು ಆಧುನಿಕತೆಯ ಸಂಗಮ’ ಎಂದು ಕರೆಯುವ ರೂಢಿ ನಮ್ಮ ವಿಮರ್ಶೆಯಲ್ಲಿದೆ. ಆಧುನಿಕತೆಯನ್ನು ಗುರುತಿಸಬೇಕಾದುದು ವಸ್ತುವಿನಲ್ಲಿಯೋ ಕಲೆಯ ಕೆಲಸದ ಕ್ರಮದಲ್ಲಿಯೋ ಎಂಬುದನ್ನು ಜಪಾನಿನ ಮರದಚ್ಚು ಚಿತ್ರಗಳ ಹಿನ್ನೆಲೆಯಲ್ಲಿ, ಕರ್ನಾಟಕದ ತೊಗಲುಗೊಂಬೆಯಾಟವನ್ನು ಮುಂದಿಟ್ಟುಕೊಂಡು ಇಲ್ಲಿ ಪರಿಶೀಲಿಸಲಾಗಿದೆ.

ಎದೊ ಕಾಲದ ಉಕಿಯೊ-ಎ ಚಿತ್ರವು ಒಬ್ಬನ ಕೃತಿಯಲ್ಲ. ಕಲಾವಿದ ರೇಖೆ ಬರೆಯುತ್ತಿದ್ದ. ಕೆತ್ತುವವನು ಅದನ್ನು ಹಲಗೆಯಲ್ಲಿ ಕೊರೆಯುತ್ತಿದ್ದ. ಅಚ್ಚು ಹಾಕುವವನು ಕಾಗದಕ್ಕಿಳಿಸುತ್ತಿದ್ದ. ಪ್ರಕಾಶಕ ಬಂಡವಾಳ ಹೂಡುತ್ತಿದ್ದ. ಇಪ್ಪತ್ತನೆಯ ಶತಮಾನದಲ್ಲಿ ಈ ಪರಂಪರೆ ಕವಲೊಡೆಯಿತು. ಪ್ರಕಾಶಕ ವಾತಾನಾಬೆ ಶೋಜಾಬುರೊ ಬೆಳೆಸಿದ ‘ಶಿನ್ ಹಂಗಾ’ ಪಂಥ ಹಳೆಯ ಶ್ರಮವಿಭಜನೆಯನ್ನು ಉಳಿಸಿಕೊಂಡು, ನೆರಳು-ಬೆಳಕಿನ ಪಾಶ್ಚಾತ್ಯ ದೃಷ್ಟಿಯನ್ನು ಸೇರಿಸಿತು. 1904ರಲ್ಲಿ ಯಾಮಾಮೊಟೊ ಕನಾಯೆ ‘ಮೀನುಗಾರ’ ಚಿತ್ರವನ್ನು ತಾವೇ ಬರೆದು, ಕೆತ್ತಿ, ಅಚ್ಚು ಹಾಕಿದರು. ಇಲ್ಲಿಂದ ಮೊದಲಾದ ‘ಸೊಸಾಕು ಹಂಗಾ’ ಶ್ರಮವಿಭಜನೆಯನ್ನೇ ಕೈಬಿಟ್ಟಿತು. ಈ ಹಾದಿಯಲ್ಲಿ ಬಂದ ಮುನಾಕಾತಾ ಶಿಕೊ ಬೌದ್ಧ ವಸ್ತುಗಳನ್ನು ಕೆತ್ತಿದವರು. 1956ರ ವೆನಿಸ್ ಬಿಯೆನಾಲೆಯಲ್ಲಿ ಮುದ್ರಣಕಲೆಯ ಮಹಾಪ್ರಶಸ್ತಿ ಪಡೆದರು. ಮೊದಲ ಪಂಥದಲ್ಲಿ ಕೆಲಸದ ಕ್ರಮ ಹಳೆಯದು, ನೋಟ ಹೊಸದು. ಮುನಾಕಾತಾರಲ್ಲಿ ವಸ್ತು ಹಳೆಯದು, ಕ್ರಮ ಹೊಸದು.

ಈ ಭೇದವನ್ನು ತೊಗಲುಗೊಂಬೆಗೂ ಅನ್ವಯಿಸಬಹುದು. ಕಿಳ್ಳೇಕ್ಯಾತರಲ್ಲಿ ತೊಗಲು ಹದಮಾಡುವುದು, ರಂಧ್ರ ಕೊರೆಯುವುದು, ಬಣ್ಣ ಹಚ್ಚುವುದು, ಪರದೆಯ ಹಿಂದೆ ಆಡಿಸಿ ಹಾಡುವುದು ಬಹುಮಟ್ಟಿಗೆ ಕುಟುಂಬದ ಕಸುಬು. 2023ರಲ್ಲಿ ನಿಧನರಾದ ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಗಾಂಧೀಜಿಯ ಬದುಕನ್ನೂ ಸ್ವಾತಂತ್ರ್ಯ ಹೋರಾಟವನ್ನೂ ಈ ಪರದೆಗೆ ತಂದರು. ವಸ್ತು ಹೊಸದಾದರೂ ತೊಗಲು, ಬೆಳಕು, ಹಾಡುಗಳ ಸಂಬಂಧ ಅಲ್ಲಿ ಮುರಿಯಲಿಲ್ಲ. ಗಡಿಯಾಚೆ ಆಂಧ್ರದ ನಿಮ್ಮಲಕುಂಟದಲ್ಲಿ ಅದೇ ಬಗೆಯ ತೊಗಲು ವಿದ್ಯುದ್ದೀಪದ ಹೊದಿಕೆಯಾಗಿ ಮಾರಾಟವಾಗುತ್ತದೆ. ಚಿತ್ರ ಪುರಾಣದ್ದೇ ಇರಬಹುದು, ಬೆಳಕೂ ಉಂಟು. ಆದರೆ ಹಾಡಿಲ್ಲ, ಕಥೆಯ ಚಲನೆಯಿಲ್ಲ. ಹೊಟ್ಟೆಪಾಡಿನ ಈ ದಾರಿಯನ್ನು ಹಳಿಯಲಾಗದು. ಆದರೆ ವಸ್ತುವೊಂದನ್ನೇ ನೋಡಿ ಗಾಂಧಿಯ ಗೊಂಬೆಯನ್ನು ಆಧುನಿಕವೆಂದೂ ಹನುಮನ ದೀಪವನ್ನು ಸಾಂಪ್ರದಾಯಿಕವೆಂದೂ ವರ್ಗೀಕರಿಸುವುದು ತಪ್ಪು.

ಇನ್ನೊಂದು ಎಚ್ಚರವೂ ಅಗತ್ಯ. ಉಕಿಯೊ-ಎಯಲ್ಲಿ ಕಲಾವಿದನ ಹೆಸರು ಉಳಿದಷ್ಟು ಕೆತ್ತಿದವನ ಹೆಸರು ಉಳಿಯಲಿಲ್ಲ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದಿರುವುದು ಗೊಂಬೆಯ ಹಿಂದಿನ ವ್ಯಕ್ತಿಗೆ ದೊರೆತ ಮನ್ನಣೆ. ನಮ್ಮ ದಾಖಲಾತಿಯೂ ಗೊಂಬೆ ‘ರಾವಣ’ನೋ ‘ಆಂಜನೇಯ’ನೋ ಎಂಬಲ್ಲಿಗೆ ನಿಲ್ಲದೆ, ಅದನ್ನು ಕೊರೆದವರಾರು, ಬಣ್ಣ ಹಚ್ಚಿದವರಾರು, ಯಾವ ಹಾಡಿಗೆ ಆಡಿಸಿದರು ಎಂಬುದನ್ನು ಬರೆದಿಡಬೇಕು. ಆಗ ಮಾತ್ರ ಪರಂಪರೆಯಲ್ಲಿ ಉಳಿದುದೇನು, ಬದಲಾದುದೇನು ಎಂಬ ಚರ್ಚೆಗೆ ಆಧಾರ ದೊರೆಯುತ್ತದೆ.