ಆ ವಾಕ್ಯದ 'ನಾನು' ಯಾರು?

ಕಮಾಂಡ್ ಲೈನ್ ಅಂದರೆ ಚಿತ್ರ, ಗುಂಡಿಗಳ ಹಂಗಿಲ್ಲದೆ ಕಂಪ್ಯೂಟರಿಗೆ ಬರೆದೇ ಆಜ್ಞೆ ಕೊಡುವ ಜಾಗ. ಅಲ್ಲಿ ಮೂಡುವ ಎಚ್ಚರಿಕೆಯ ಮಾತುಗಳನ್ನು ಪಠ್ಯವೆಂದು ಯಾರೂ ಓದುವುದಿಲ್ಲ. ಒಂದು ಖಾಲಿ ಜಾಗ ನನ್ನ ಪಿಎಚ್.ಡಿ. ಅಧ್ಯಾಯವೊಂದರ ಟಿಪ್ಪಣಿಗಳನ್ನೆಲ್ಲ ನುಂಗಿದ ಮೇಲೆ ನಾನು ಓದತೊಡಗಿದೆ.

'ಹಳೆ' ಎಂದು ಶುರುವಾಗುವ ಆರು ಕಡತಗಳನ್ನಷ್ಟೇ ಅಳಿಸಬೇಕಿತ್ತು. ಅಳಿಸುವ ಆಜ್ಞೆ ಆರ್‌ಎಂ. ಅದರ ಮುಂದೆ 'ಹಳೆ', ಅದಕ್ಕೆ ಅಂಟಿಕೊಂಡೇ ನಕ್ಷತ್ರದ ಚಿಹ್ನೆ. ನಡುವೆ ನನ್ನ ಹೆಬ್ಬೆರಳು ಸ್ಪೇಸ್ ಒತ್ತಿಬಿಟ್ಟಿತು. ಒಂಟಿಯಾದ ನಕ್ಷತ್ರಕ್ಕೆ 'ಈ ಫೋಲ್ಡರಿನ ಎಲ್ಲ ಕಡತಗಳೂ' ಎಂದರ್ಥ. ಪದ ಬಿಡಿಸುವುದು ತಪ್ಪಿದರೆ ಅರ್ಥವೇ ಕೆಡುತ್ತದೆ ಎಂದು ಹಳಗನ್ನಡ ತರಗತಿಯಲ್ಲಿ ಹುಡುಗರಿಗೆ ಹೇಳುತ್ತ ಬಂದದ್ದು ಇದೇ ನಾನು! ಆರ್‌ಎಂ ಏನನ್ನೂ ಕೇಳಲಿಲ್ಲ. ಕೆಲಸ ಮುಗಿದರೆ ಸುಮ್ಮನಿರುವುದು ಯುನಿಕ್ಸ್ ಪರಂಪರೆಯ ಶಿಷ್ಟಾಚಾರ. ಅದಕ್ಕೆ ಕಸದ ಬುಟ್ಟಿಯೂ ಇಲ್ಲ.

ಹಾಗಾದರೆ ಪ್ರತಿ ಸಲವೂ ಕೇಳಿದರೆ ಸಾಕೇ? ಒಂದೊಂದು ಕಡತಕ್ಕೂ 'ಅಳಿಸಲೇ?' ಎಂದು ಕೇಳುವಂತೆ ಆರ್‌ಎಂಗೆ ಹೇಳಬಹುದು. ಹತ್ತನೆಯ ಪ್ರಶ್ನೆಯ ಹೊತ್ತಿಗೆ ಬೆರಳು ತಾನಾಗಿ 'ವೈ' ಒತ್ತುತ್ತಿರುತ್ತದೆ.

ಇದನ್ನು ಬಲ್ಲವರೇ ಲಿನಕ್ಸಿನ 'ಆ್ಯಪ್ಟ್' ಎಂಬ ಸಾಧನದಲ್ಲಿ ಒಂದಕ್ಷರದ ಬದಲು ಇಡೀ ವಾಕ್ಯವನ್ನೇ ಬರೆಸುತ್ತಿದ್ದರು: 'ಯೆಸ್, ಡು ಆ್ಯಸ್ ಐ ಸೇ!' ಹೌದು, ನಾನು ಹೇಳಿದಂತೆ ಮಾಡು! 2021ರಲ್ಲಿ ಯೂಟ್ಯೂಬರ್ ಲೈನಸ್ ಸೆಬಾಸ್ಟಿಯನ್ 'ಪಾಪ್ ಓಎಸ್'ನಲ್ಲಿ ಸ್ಟೀಮ್ ಎಂಬ ಗೇಮಿಂಗ್ ತಂತ್ರಾಂಶ ಹಾಕಿಕೊಳ್ಳಲು ಹೋದರು. ಪ್ಯಾಕೇಜುಗಳ ಗೊಂದಲದಿಂದ ಸ್ಟೀಮ್ ಜೊತೆಗೆ ಡೆಸ್ಕ್‌ಟಾಪನ್ನೇ ಕಿತ್ತುಹಾಕಲು ಆ್ಯಪ್ಟ್ ಸಿದ್ಧವಾಗಿತ್ತು. ಉದ್ದನೆಯ ಪಟ್ಟಿ ಕೊಟ್ಟು ಎಚ್ಚರಿಸಿಯೂ ಇತ್ತು. ಅವರು ವಾಕ್ಯ ಬರೆದರು, ಡೆಸ್ಕ್‌ಟಾಪ್ ಹೋಯಿತು. ಓದದೆ ಬರೆದದ್ದು ಅವರದೇ ತಪ್ಪು ಎಂದವರು ಬಹಳ.

ನನಗೆ ಹಾಗನ್ನಿಸುವುದಿಲ್ಲ. ಆ ವಾಕ್ಯದ 'ನಾನು' ಯಾರು? ಅವರು ಹೇಳಿದ್ದು 'ಸ್ಟೀಮ್ ಹಾಕು' ಎಂದು. 'ಡೆಸ್ಕ್‌ಟಾಪ್ ಕಿತ್ತುಹಾಕು' ಎಂಬುದು ಯಂತ್ರದ ತೀರ್ಮಾನ. ತನ್ನ ತೀರ್ಮಾನವನ್ನು ಅವರ ಬಾಯಲ್ಲಿಟ್ಟು, ಅವರದೇ ಮಾತೆಂದು ರುಜು ಹಾಕಿಸಿಕೊಂಡಿತು. ಓದಲು ಬಾರದವನಿಂದ ಹೆಬ್ಬೆಟ್ಟು ಒತ್ತಿಸಿಕೊಂಡ ಸಾಲಪತ್ರಗಳ ಭಾಷೆ ಇದು. ಮುಂದೆ ಆ್ಯಪ್ಟ್ ಬದಲಾಯಿತು: ಅಗತ್ಯ ಪ್ಯಾಕೇಜುಗಳನ್ನು ತೆಗೆಯಲು ಈಗ ಅದು ನಿರಾಕರಿಸುತ್ತದೆ, ಬೇಕೇ ಬೇಕೆಂದವರು ಮೂಲ ಆಜ್ಞೆಯಲ್ಲೇ ಹಾಗೆಂದು ಬರೆಯಬೇಕು.

ಗಿಟ್‌ಹಬ್‌ನಲ್ಲಿ ಒಂದು ರೆಪಾಸಿಟರಿ ಅಳಿಸಬೇಕಾದರೆ ಅದರ ಹೆಸರನ್ನೇ ಬರೆಯಬೇಕು. ಇದು ಹೆಚ್ಚು ಪ್ರಾಮಾಣಿಕ. ಕಳೆದುಹೋಗುವುದರ ಹೆಸರು ನಮ್ಮ ಕೈಯಿಂದಲೇ ಬರುತ್ತದೆ. ಆದರೆ ಹೆಸರೂ ಎಲ್ಲ ಕಡೆ ಕಾಯುವುದಿಲ್ಲ. 2017ರ ಜನವರಿ 31ರಂದು ಗಿಟ್‌ಲ್ಯಾಬ್‌ನ ಎಂಜಿನಿಯರೊಬ್ಬರು ಎರಡನೆಯ ಸರ್ವರಿನಲ್ಲಿ ಅಳಿಸಬೇಕಾದ ಡೇಟಾಬೇಸನ್ನು ಮುಖ್ಯ ಸರ್ವರಿನಲ್ಲಿ ಅಳಿಸಿದರು. ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಏನನ್ನು ಅಳಿಸಬೇಕೆಂಬುದು ಅವರಿಗೆ ಸ್ಪಷ್ಟವಿತ್ತು, ತಾವು ಎಲ್ಲಿದ್ದೇವೆ ಎಂಬುದು ತಪ್ಪಿತ್ತು. ಅಂಥಲ್ಲಿ ಪ್ರಶ್ನೆಯೊಳಗೆ ಇರಬೇಕಾದದ್ದು ಊರಿನ ಹೆಸರು, ಅಂದರೆ ಸರ್ವರಿನದು.

ಗ್ನೂ ಆರ್‌ಎಂನಲ್ಲಿ ದೊಡ್ಡ 'ಐ' ಅಕ್ಷರದ ಆಯ್ಕೆಯೊಂದಿದೆ. ಮೂರಕ್ಕಿಂತ ಹೆಚ್ಚು ಕಡತಗಳಿದ್ದರೆ ಒಮ್ಮೆ ಮಾತ್ರ ಕೇಳುತ್ತದೆ, ಎಷ್ಟು ಎಂಬ ಲೆಕ್ಕವನ್ನೂ ಹೇಳುತ್ತದೆ. ಆರು ಅಂದುಕೊಂಡಿದ್ದ ನನಗೆ ಇನ್ನೂರ ಚಿಲ್ಲರೆ ಎಂದು ಕಂಡಿದ್ದರೆ ಕೈ ನಿಲ್ಲುತ್ತಿತ್ತು. ಈಗ ಅದನ್ನೇ ರೂಢಿ ಮಾಡಿಕೊಂಡಿದ್ದೇನೆ. ಗೈಡ್ ಹತ್ತಿರ ಮಾತ್ರ ಆ ಅಧ್ಯಾಯ 'ಪರಿಷ್ಕರಣೆಯಲ್ಲಿದೆ ಸರ್' ಎಂದೇ ಹೇಳುತ್ತಿದ್ದೇನೆ.