ಹಸು ತಾನಾಗಿ ಹತ್ತಿರ ಬರಲಿ

ಹಸುವಿನ ಹಿಂಭಾಗ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವುದು ನಮ್ಮಲ್ಲಿ ರೂಢಿ. ಲಕ್ಷ್ಮಿ ಇರುವುದು ಅಲ್ಲೇ ಎಂಬ ನಂಬಿಕೆ. ಹಟ್ಟಿಯಲ್ಲೇ ಹುಟ್ಟಿ, ನಮ್ಮ ಹೆಜ್ಜೆ ಸಪ್ಪಳಕ್ಕೇ ಗುರುತು ಹಿಡಿಯುವ ಹಸುವಾದರೆ ಅಡ್ಡಿಯಿಲ್ಲ. ಗೋಶಾಲೆಯ ಹಸುವಿಗೆ ಹಾಗೆ ಮಾಡಬೇಡಿ. ದನಕ್ಕೆ ಸುಮಾರು 330 ಡಿಗ್ರಿಯಷ್ಟು ಸುತ್ತಲೂ ಕಾಣುತ್ತದೆ. ಮುಖ್ಯವಾಗಿ ಕಾಣದಿರುವುದು ಬೆನ್ನ ಹಿಂದಿನ ಆ ಜಾಗವೇ. ಕಾಣದ ಕೈ ಮೈಗೆ ತಾಗಿದರೆ ಅದು ಒದೆಯುತ್ತದೆ. ತಪ್ಪು ಹಸುವಿನದಲ್ಲ.

ಗೋಶಾಲೆಯಲ್ಲಿರುವವು ಎಂಥ ದನಗಳು ಎಂಬುದನ್ನು ಮರೆಯಬಾರದು. ಲಾರಿಯಲ್ಲಿ ಒತ್ತೊತ್ತಾಗಿ ತುಂಬಿದ್ದಾಗ ಪೊಲೀಸರು ಬಿಡಿಸಿ ತಂದದ್ದು, ಹಾಲು ಬತ್ತಿದ ಮೇಲೆ ಬೀದಿಗೆ ಬಿಟ್ಟದ್ದು, ಗಂಡು ಎಂಬ ಒಂದೇ ಕಾರಣಕ್ಕೆ ಯಾರಿಗೂ ಬೇಡವಾದ ಜರ್ಸಿ ಕರು. ಮೂಗುದಾಣ ಜಗ್ಗಿ ಜಗ್ಗಿ ಮೂಗು ಹರಿದ ಎತ್ತಿನ ಮುಖದ ಮೇಲೆ ಕೈಯೆತ್ತಿ ನೋಡಿ, ಸವರಲು ಬಂದ ಕೈಗೂ ಅದು ತಲೆ ಕೊಡವುತ್ತದೆ.

ಹಾಗಾಗಿ ಭುಜದ ಕಡೆಯಿಂದ ಓರೆಯಾಗಿ, ಮೆಲ್ಲಗೆ ಮಾತಾಡುತ್ತ ಹೋಗಬೇಕು. ಮೇಯುತ್ತಿದ್ದದ್ದು ತಲೆಯೆತ್ತಿತೋ, ಅಲ್ಲೇ ನಿಲ್ಲಿ. ಅದು ಅದರ ಗಡಿ. ಕೊಟ್ಟಿಗೆಯಲ್ಲಿ ಬೆಳೆದ ಜರ್ಸಿಗೆ ಈ ಗಡಿ ಮಾರುದೂರವೂ ಇರದು. ಅಮೃತಮಹಲ್ ದನಕ್ಕೆ ಬಹಳ ದೊಡ್ಡದು. ಮೈಸೂರು ಸೇನೆಯ ಸಾಮಾನು ಎಳೆಯಲೆಂದು ಕಾವಲುಗಳಲ್ಲಿ ಬಯಲಿಗೆ ಬಿಟ್ಟು ಸಾಕಿದ ತಳಿ, ಹೊಸಬರನ್ನು ಇಂದಿಗೂ ಸುಲಭಕ್ಕೆ ನಂಬುವುದಿಲ್ಲ. ಗಡಿಯಲ್ಲಿ ನಿಂತು ಕಾಯುವುದೇ ಗೋಶಾಲೆಯ ಸೇವೆಯ ಅತ್ಯಂತ ಸುಖದ ಭಾಗ ಎಂಬುದು ನನ್ನ ಅನುಭವ. ಕಿವಿ ಮುಂದಕ್ಕಾಗುತ್ತದೆ, ಒದ್ದೆ ಮೂಗು ಚಾಚಿ ಅಂಗೈ ಮೂಸುತ್ತದೆ, ಉಸಿರು ಬೆಚ್ಚಗೆ ತಾಗುತ್ತದೆ. ಆಗಲೂ ಹಣೆ ಬೇಡ. ಹಣೆಗೆ ಹಣೆ ಕೊಟ್ಟು ಬಲ ನೋಡುವುದು ದನಗಳ ಪದ್ಧತಿ. ನೀವು ಒತ್ತಿದರೆ ಅದೂ ಒತ್ತುತ್ತದೆ. ಗಂಗೆದೊಗಲು ಕೆರೆಯಿರಿ. ಕತ್ತು ಉದ್ದಕ್ಕೆ ನೀಡಿ, ಕಣ್ಣು ಅರೆಮುಚ್ಚಿ ನಿಂತುಬಿಡುತ್ತದೆ.

ಬೆದರುವ ದನಕ್ಕಿಂತ ನಾನು ಹೆಚ್ಚು ಎಚ್ಚರದಿಂದಿರುವುದು ಬಾಟಲಿ ಹಾಲು ಕುಡಿದು ಒಂಟಿಯಾಗಿ ಬೆಳೆದ ಹೋರಿಯ ಹತ್ತಿರ. ಅದು ಮನುಷ್ಯರನ್ನೇ ತನ್ನ ಹಿಂಡು ಎಂದುಕೊಂಡಿರುತ್ತದೆ. ಕರುವಾಗಿದ್ದಾಗ ತಲೆಯಿಂದ ಗುದ್ದಿದರೆ ಎಲ್ಲರೂ ನಗುತ್ತಾರೆ. ಬಲಿತ ಮೇಲೆ ಅದೇ ಗುದ್ದು ಪಕ್ಕೆಲುಬು ಮುರಿಯುತ್ತದೆ. ಹೋರಿ ಪಕ್ಕೆ ತೋರಿಸಿ, ಬೆನ್ನು ಉಬ್ಬಿಸಿ, ತಲೆ ತಗ್ಗಿಸಿ ನಿಂತರೆ ಹಾಯಲು ಸಿದ್ಧವಾಗಿದೆ ಎಂದೇ ತಿಳಿಯಿರಿ. ಓಡಬೇಡಿ, ಬೆನ್ನು ತೋರಿಸಬೇಡಿ. ಅದರ ಮೇಲೆ ಕಣ್ಣಿಟ್ಟೇ ಹಿಂದೆ ಸರಿದು ಬೇಲಿ ದಾಟಿ. ಬೇಲಿ ಎಲ್ಲಿದೆ ಎಂಬುದನ್ನು ಒಳಗೆ ಹೋಗುವ ಮೊದಲೇ ನೋಡಿಕೊಂಡಿರಬೇಕು.

ಗೋಶಾಲೆಯಲ್ಲಿ ಕತ್ತೆಗಳೂ ಇದ್ದರೆ ಅವುಗಳದು ಬೇರೆ ಬಗೆ. ಹೆದರಿದ ಕುದುರೆ ಓಡುತ್ತದೆ, ಕತ್ತೆ ಎಷ್ಟೋ ಸಲ ಅಲುಗಾಡದೆ ನಿಂತುಬಿಡುತ್ತದೆ. ಸಾಧುವೆಂದು ಹಿಂದೆ ಹೋದವರಿಗೆ ಎರಡೂ ಹಿಂಗಾಲಿನ ಒದೆ ಬೀಳುತ್ತದೆ.

ಒಂದು ವಿಷಯದಲ್ಲಿ ಮಾತ್ರ ನನ್ನದು ಹಟವೆಂದರೂ ಸರಿ. ಜೊಲ್ಲು ಸುರಿಸುತ್ತ, ನುಂಗಲಾರದೆ ಒದ್ದಾಡುವ ಹಸುವಿನ ಬಾಯಿಗೆ ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆಯೆಂದು ಬರಿಗೈ ಹಾಕಬೇಡಿ. ಹುಚ್ಚುನಾಯಿ ಕಚ್ಚಿದ ದನಕ್ಕೂ ರೇಬಿಸ್ ಬರುತ್ತದೆ, ಲಕ್ಷಣವೂ ಹೀಗೇ ಇರುತ್ತದೆ. ಪಶುವೈದ್ಯರನ್ನು ಕರೆಸಿ. ಗಾಯವಿದ್ದ ಕೈಗೆ ಜೊಲ್ಲು ತಾಗಿದ್ದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು.

ಸಂಕ್ರಾಂತಿಗೆ ಪೊಂಗಲ್, ಬಲಿಪಾಡ್ಯಮಿಗೆ ಅನ್ನ, ಒಬ್ಬಟ್ಟು ಹೊತ್ತು ಬರುವವರಲ್ಲೂ ಒಂದು ವಿನಂತಿಯಿದೆ. ಬೇಯಿಸಿದ ಅನ್ನ ಅತಿಯಾದರೆ ಹಸುವಿನ ಹೊಟ್ಟೆಯಲ್ಲಿ ಹುಳಿಯಾಗುತ್ತದೆ. ಮೇವು ಬಿಟ್ಟು ಮಲಗಿದ ಹಸು ಸತ್ತೂ ಹೋಗಬಹುದು. ಕೈತುತ್ತಿನ ರುಚಿ ಹತ್ತಿದ ಹಿಂಡು ಚೀಲ ಕಂಡರೆ ನುಗ್ಗುತ್ತದೆ, ಆ ನೂಕಾಟದಲ್ಲಿ ಯಾವ ಹಸುವಿಗೂ ದ್ವೇಷವಿಲ್ಲದಿದ್ದರೂ ಮಗುವಿನ ಮುಖಕ್ಕೆ ಕೋಡು ತಾಗುತ್ತದೆ. ಒಂದು ಹೊರೆ ಜೋಳದ ಹಸಿ ಮೇವು ತನ್ನಿ. ಗೋಪಾಲಕರ ಕೈಗೆ ಕೊಡಿ, ಎಷ್ಟು ಹೊತ್ತಿಗೆ ಯಾವ ಗೋದಲಿಗೆ ಹಾಕಬೇಕೆಂಬುದು ಅವರಿಗೆ ಗೊತ್ತು.